ಬೇಳೆ ಬೇಯದ ನೀರಿನಲ್ಲಿ ಜೀವ ಹುಟ್ಟಿದ್ದು ಹೇಗೆ?

ಪ್ರಶ್ನೆ: ಜೀವಕ್ಕೆ ನೀರೇ ಆಧಾರ ಅಂತ ಚಿಕ್ಕಂದಿನಿಂದ ಓದ್ಕೊಂಡು ಬಂದಿದೀವಿ. ಬೇರೆ ಗ್ರಹಕ್ಕೆ ನೌಕೆ ಕಳಿಸೋರೂ ಮೊದಲು ಹುಡುಕೋದು ನೀರನ್ನೇ. ಯಾಕೆ ನೀರೇ ಆಗ್ಬೇಕು? ಎಣ್ಣೆನೋ ಸ್ಪಿರಿಟ್ಟೋ ಯಾಕಾಗ್ಬಾರ್ದು? ಇನ್ನೊಂದು ಮಾತು. ನೀರು ಅಷ್ಟು ಒಳ್ಳೇದಾದ್ರೆ ನಮ್ಮ ಬೋರ್‌ವೆಲ್ ನೀರಲ್ಲಿ ಬೇಳೆ ಯಾಕೆ ಬೇಯಲ್ಲ, ಮಕ್ಕಳ ಹಲ್ಲು ಯಾಕೆ ಹಳದಿಯಾಗುತ್ತೆ?
— ಮುಳಬಾಗಿಲು ಕಡೆಯ ಓದುಗರೊಬ್ಬರು

ಪ್ರಶ್ನೆಯ ಮೊದಲರ್ಧ ನನಗೆ ಆಗಾಗ ಬರುತ್ತದೆ. ಎರಡನೆಯ ಅರ್ಧವನ್ನು ಮಾತ್ರ ನಮ್ಮ ಕೋಲಾರದ ಕಡೆಯವರೇ ಸೇರಿಸಬಲ್ಲರು. ಹೊಳೆಯ ದಡದವರಿಗೆ ನೀರಿನ ಮೇಲೆ ಭಕ್ತಿ ಇರುತ್ತದೆ. ಸಾವಿರದಿನ್ನೂರು ಅಡಿ ಕೊರೆಸಿ ನೀರು ಕಂಡವರಿಗೆ ಭಕ್ತಿಯ ಜೊತೆ ಅನುಮಾನವೂ ಇರುತ್ತದೆ. ಆ ಅನುಮಾನ ನ್ಯಾಯವಾದದ್ದೇ. ಏಕೆಂದರೆ ಎರಡು ಪ್ರಶ್ನೆಗೂ ಉತ್ತರ ಒಂದೇ. ನೀರಿಗೆ ಒಂದು ಚಟವಿದೆ: ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವುದು. ಜೀವ ನಡೆಯುತ್ತಿರುವುದು ಆ ಚಟದಿಂದ. ಹಲ್ಲಿಗೆ ಕಲೆ ಹತ್ತಿಸುವುದೂ ಅದೇ ಚಟ.

ಆ ಚಟ ಎಲ್ಲಿಂದ ಬಂತೆಂದು ನೋಡೋಣ. ಬೋರ್‌ವೆಲ್‌ಗೆ ಪಾಯಿಂಟ್ ತೋರಿಸಲು ಬರುವವರ ಕೈಲಿ ಬೇವಿನದೋ ಇನ್ನಾವುದರದೋ ಒಂದು ಕವಲು ಕಡ್ಡಿ ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಆ ಕಡ್ಡಿಗೆ ನೆಲದಡಿಯ ನೀರು ಕಾಣುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ, ಆದರೆ ನೀರಿನ ಅಣು ನೋಡಲು ಹೆಚ್ಚುಕಡಿಮೆ ಹಾಗೇ ಇದೆ. ಕವಲೊಡೆಯುವ ಜಾಗದಲ್ಲಿ ಒಂದು ಆಕ್ಸಿಜನ್ ಪರಮಾಣು, ಎರಡು ಕವಲಿನ ತುದಿಗೆ ಒಂದೊಂದು ಹೈಡ್ರೋಜನ್. ಎರಡು ಕವಲಿನ ನಡುವಿನ ಕೋನ 104.5 ಡಿಗ್ರಿ. ಅಣು ನೆಟ್ಟಗೆ, ಅಂದರೆ ಮೂರೂ ಒಂದೇ ಗೆರೆಯಲ್ಲಿ ಇದ್ದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ, ಓದುವ ನೀವೂ ಇರುತ್ತಿರಲಿಲ್ಲ.

ಚಳಿಗಾಲದಲ್ಲಿ ಒಂದೇ ಕಂಬಳಿಯಡಿ ಮೂವರು ಮಲಗಿದ್ದಾರೆ ಅಂದುಕೊಳ್ಳಿ. ನಡುವಿನವನು ದೊಡ್ಡವನು, ನಿದ್ದೆಯಲ್ಲಿ ಕಂಬಳಿಯನ್ನೆಲ್ಲ ತನ್ನ ಕಡೆಗೇ ಎಳೆದುಕೊಳ್ಳುತ್ತಾನೆ. ಪಕ್ಕದ ಇಬ್ಬರು ಚಿಕ್ಕವರು ಅರ್ಧ ಬರಿಮೈಯಲ್ಲಿ ಉಳಿಯುತ್ತಾರೆ. ಇಲ್ಲಿ ಕಂಬಳಿ ಎಂದರೆ ಎಲೆಕ್ಟ್ರಾನುಗಳು. ಆಕ್ಸಿಜನ್ ಅವನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಅದರ ಕಡೆ ಸ್ವಲ್ಪ ಋಣ ವಿದ್ಯುದಂಶ, ಹೈಡ್ರೋಜನ್‌ಗಳ ಕಡೆ ಸ್ವಲ್ಪ ಧನ ವಿದ್ಯುದಂಶ. ಅಣು ಬಾಗಿರುವುದರಿಂದ ಎರಡು ಕವಲಿನ ಎಳೆತ ಒಂದನ್ನೊಂದು ತೊಡೆದುಹಾಕುವುದಿಲ್ಲ. ಪ್ರತಿ ಅಣುವೂ ಎರಡು ತುದಿಯ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಒಂದರ ಬರಿಮೈ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿನ ಕಂಬಳಿಗೆ ಕೈ ಹಾಕುತ್ತದೆ. ಇದಕ್ಕೆ ಹೈಡ್ರೋಜನ್ ಬಂಧ ಎಂದು ಹೆಸರು. ಅಣುವಿನೊಳಗಿನ ಬಂಧಕ್ಕೆ ಹೋಲಿಸಿದರೆ ಇದರ ಬಲ ಇಪ್ಪತ್ತರಲ್ಲಿ ಒಂದು ಪಾಲು. ಆಯಸ್ಸೂ ಅಷ್ಟಕ್ಕಷ್ಟೇ: ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಷ್ಟು ಹೊತ್ತಿನಲ್ಲಿ ಬಿಟ್ಟುಹೋಗಿ ಇನ್ನೊಂದರ ಜೊತೆ ಕೂಡಿಕೊಳ್ಳುತ್ತದೆ. ಸಂತೆಯ ಗದ್ದಲದಲ್ಲಿ ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುತ್ತಾ ಸಾಗುವ ಮಕ್ಕಳ ಹಾಗೆ. ಕೈ ಬದಲಾಗುತ್ತದೆ, ಹಿಡಿತ ತಪ್ಪುವುದಿಲ್ಲ.

ಈ ಹಿಡಿತದ ಬೆಲೆ ತಿಳಿಯಬೇಕಾದರೆ ನೀರಿನ ದಾಯಾದಿಯನ್ನು ನೋಡಬೇಕು. ಆಕ್ಸಿಜನ್ ಜಾಗಕ್ಕೆ ಗಂಧಕ ಕೂರಿಸಿದರೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಅದೇ ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಅಣುವಿನ ತೂಕದಲ್ಲಿ ಅದು ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಭಾರವಾದದ್ದು ಕುದಿಯಲು ಹೆಚ್ಚು ಬಿಸಿ ಬೇಕು ಎನ್ನುವುದು ಸಾಮಾನ್ಯ ಲೆಕ್ಕ. ಆದರೆ ಅದು ಮೈನಸ್ 60 ಡಿಗ್ರಿಯಲ್ಲೇ ಕುದಿದು ಗಾಳಿಯಾಗುತ್ತದೆ. ಗಂಧಕಕ್ಕೆ ಕಂಬಳಿ ಎಳೆಯುವ ಬಲ ಸಾಲದು, ಹಾಗಾಗಿ ಅದರ ಅಣುಗಳಲ್ಲಿ ಒಂದನ್ನೊಂದು ಹಿಡಿದುಕೊಳ್ಳುವ ಹಿಡಿತವೂ ಕಡಿಮೆ. ನೀರೂ ಹಾಗೇ ಇದ್ದಿದ್ದರೆ ಭೂಮಿಯ ಮೇಲೆ ಕೆರೆಯಿಲ್ಲ, ಕಡಲಿಲ್ಲ, ಎಲ್ಲವೂ ಆವಿ. ಬೇಸಗೆಯ ಕೋಲಾರದಲ್ಲಿ ಈಗಲೂ ಹಾಗೇ ಅನ್ನಿಸುತ್ತದೆ, ಅದು ಬೇರೆ ಮಾತು.

ಕೈಕೈ ಹಿಡಿದ ಗುಂಪನ್ನು ಕುಣಿಸಲು ಬಲ ಜಾಸ್ತಿ ಬೇಕು. ಅದಕ್ಕೇ ನೀರು ಬೇಗ ಬಿಸಿಯಾಗುವುದಿಲ್ಲ, ಬೇಗ ಆರುವುದೂ ಇಲ್ಲ. ಏಪ್ರಿಲ್ ಮಧ್ಯಾಹ್ನ ಅಂತರಗಂಗೆ ಬೆಟ್ಟ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರಿಗಾಲು ಬಂಡೆಯ ಮೇಲಿಟ್ಟರೆ ಬೊಬ್ಬೆ ಬರುತ್ತದೆ, ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯಲ್ಲಿ ಕಾಲಿಟ್ಟರೆ ಹಾಯೆನಿಸುತ್ತದೆ. ಬಿಸಿಲು ಎರಡಕ್ಕೂ ಒಂದೇ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸುವ ಶಾಖದಲ್ಲಿ ಐದು ಕಿಲೋ ಕಲ್ಲನ್ನು ಅಷ್ಟೇ ಕಾಯಿಸಬಹುದು. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಹೊಲದಲ್ಲಿ ಒಂದು ಗಂಟೆ ನಿಂತರೂ ಬಂಡೆಯಂತೆ ಕಾಯುವುದಿಲ್ಲ. ಕಾಯತೊಡಗಿದರೆ ಬೆವರು ಇದೆ. ಒಂದು ಲೀಟರ್ ಬೆವರು ಆರಿಹೋಗುವಾಗ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. ಅಷ್ಟು ಶಾಖವಿದ್ದರೆ ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಲೆಕ್ಕದಲ್ಲಿ: ಮಡಕೆ ಬೆವರುತ್ತದೆ.

ಮಂಜುಗಡ್ಡೆ ನೀರಿನ ಮೇಲೆ ತೇಲುವ ಸಂಗತಿಯನ್ನು ಪಠ್ಯಪುಸ್ತಕಗಳು ಪುಟಗಟ್ಟಲೆ ಹೇಳುತ್ತವೆ. ನಮ್ಮ ಕೆರೆಗಳು ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಬೇಗ ಮುಗಿಸುತ್ತೇನೆ. ನೀರು 4 ಡಿಗ್ರಿಯಲ್ಲಿ ಅತಿ ದಟ್ಟ. ಅದಕ್ಕಿಂತ ತಣ್ಣಗಾದಂತೆ ಹಿಗ್ಗುತ್ತದೆ, ಗಡ್ಡೆ ಕಟ್ಟುವಾಗ ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ. ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿ ಒಡೆಯುವುದು ಇದರಿಂದಲೇ. ಚಳಿದೇಶಗಳ ಸರೋವರದಲ್ಲಿ ಗಡ್ಡೆ ಮೇಲೆ ಹೊದಿಕೆಯಾಗಿ ನಿಂತು ಅಡಿಯ ಮೀನನ್ನು ಉಳಿಸುವುದೂ ಇದರಿಂದಲೇ.

ಈಗ ಕರಗಿಸುವ ಗುಣಕ್ಕೆ ಬರೋಣ. ಪ್ರಶ್ನೆಯ ಗಂಟು ಇರುವುದು ಇಲ್ಲಿ.

ಉಪ್ಪಿನ ಹರಳಿನಲ್ಲಿ ಸೋಡಿಯಂ ಧನ ಅಯಾನು, ಕ್ಲೋರೈಡ್ ಋಣ ಅಯಾನು; ಅಯಾನು ಎಂದರೆ ವಿದ್ಯುದಂಶ ಹೊತ್ತ ಕಣ. ಎರಡೂ ಒಂದನ್ನೊಂದು ಬಿಗಿಯಾಗಿ ಸೆಳೆದುಕೊಂಡಿರುತ್ತವೆ. ನೀರಿಗೆ ಹಾಕಿದೊಡನೆ ನೀರಿನ ಅಣುಗಳು ಆಕ್ಸಿಜನ್ ತುದಿಯಿಂದ ಸೋಡಿಯಮ್ಮನ್ನೂ ಹೈಡ್ರೋಜನ್ ತುದಿಯಿಂದ ಕ್ಲೋರೈಡನ್ನೂ ಸುತ್ತುವರಿದು, ಒಂದೊಂದನ್ನೇ ಬಿಡಿಸಿ ಎತ್ತಿಕೊಂಡು ಹೋಗುತ್ತವೆ. ನೀರಿನೊಳಗೆ ಆ ಎರಡರ ನಡುವಿನ ಸೆಳೆತ ಸುಮಾರು ಎಂಬತ್ತು ಪಟ್ಟು ಕುಗ್ಗಿಬಿಡುತ್ತದೆ. ಅಡುಗೆ ಎಣ್ಣೆಯಲ್ಲಾದರೆ ಆ ಕುಗ್ಗುವಿಕೆ ಮೂರು ಪಟ್ಟು ದಾಟುವುದು ಕಷ್ಟ. ಉಪ್ಪಿನಕಾಯಿಯಲ್ಲಿ ಎಷ್ಟೇ ಎಣ್ಣೆ ಹಾಕಿದರೂ ಉಪ್ಪು ಕರಗುವುದು ಮಾವಿನಕಾಯಿ ಬಿಟ್ಟ ನೀರಿನಲ್ಲೇ. ಓದುಗರ ‘ಎಣ್ಣೆ ಯಾಕಾಗಬಾರದು’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಜೀವಕೋಶದೊಳಗೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಓಡಾಡಬೇಕು, ಸಕ್ಕರೆ ಸಾಗಬೇಕು, ಒಂದು ಅಣು ಇನ್ನೊಂದನ್ನು ಎದುರಾಗಬೇಕು. ನೀವು ಈ ಸಾಲು ಓದುವಾಗ ನಿಮ್ಮ ನರಗಳಲ್ಲಿ ಹರಿಯುತ್ತಿರುವ ಸುದ್ದಿ ನೀರಿನಲ್ಲಿ ಕರಗಿದ ಸೋಡಿಯಂ ಪೊಟ್ಯಾಸಿಯಮ್ಮುಗಳ ಅದಲುಬದಲು. ಎಣ್ಣೆಯೊಳಗೆ ಇವೆಲ್ಲ ಕಲ್ಲಿನಂತೆ ತಳದಲ್ಲಿ ಕೂತಿರುತ್ತಿದ್ದವು.

ಈ ಕರಗಿಸುವ ಚಟ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಕೆಜಿಎಫ್‌ನ ಚಿನ್ನವನ್ನು ಅಲ್ಲಿಗೆ ತಂದು ಇಟ್ಟದ್ದು ನೀರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ, ನೂರಾರು ಡಿಗ್ರಿ ಕಾವಿನಲ್ಲಿ, ಮೇಲಿನ ಬಂಡೆಯ ಒತ್ತಡಕ್ಕೆ ಆವಿಯಾಗಲಾರದೆ ಉಳಿದ ನೀರು ಗಂಧಕವನ್ನು ಕರಗಿಸಿಕೊಂಡಿತ್ತು. ಆ ಗಂಧಕದ ಜೊತೆ ಕೂಡಿ ಚಿನ್ನವೂ ಕರಗಿತು. ಬಿರುಕುಗಳಲ್ಲಿ ಮೇಲೇರುತ್ತಾ ಒತ್ತಡವೂ ಕಾವೂ ಇಳಿದಾಗ ಹೊತ್ತದ್ದನ್ನು ನೀರು ಇಳಿಸಿತು: ಬಿಳಿಗಲ್ಲು, ಅದರ ನಡುವೆ ಚಿನ್ನ. ಆ ಬಿಳಿಗಲ್ಲಿನ ಎಳೆಯ ಬೆನ್ನುಹತ್ತಿಯೇ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು. ಮೇಲೆ ತಂದ ಮೇಲೆ ಪುಡಿಗಲ್ಲಿನಿಂದ ಚಿನ್ನ ಬಿಡಿಸಲು ಮತ್ತೆ ನೀರೇ ಬೇಕಾಯಿತು, ಈ ಸಲ ಸಯನೈಡ್ ಬೆರೆಸಿದ ನೀರು. ಊರಂಚಿನ ಸಯನೈಡ್ ದಿಬ್ಬಗಳು ಅದರ ಕಸ. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತಮೇಲೆ ಸುರಂಗಗಳಲ್ಲಿ ನೀರು ತಾನಾಗಿ ತುಂಬಿಕೊಂಡಿತು.

ಚಿನ್ನವನ್ನೇ ಬಿಡದ ನೀರು, ಮಕ್ಕಳ ಹಲ್ಲನ್ನು ಹಳದಿ ಮಾಡುವ ಫ್ಲೋರೈಡನ್ನು ಬಿಡುತ್ತದೆಯೇ? ಮಳೆಹನಿ ಬೀಳುವಾಗಲೇ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗಿರುತ್ತದೆ. ಹುಳಿ-ಕ್ಷಾರ ಅಳೆಯುವ ಪಿಎಚ್ ಮಾಪಕದಲ್ಲಿ ಶುದ್ಧ ಮಳೆನೀರು ನಡುವಿನ 7ರಲ್ಲಿಲ್ಲ, ಹುಳಿಯ ಕಡೆಗೆ, ಸುಮಾರು 5.6ರಲ್ಲಿದೆ. ನಮ್ಮ ಕೆಂಪುಮಣ್ಣಿನಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಅದೇ ಅನಿಲ ಇನ್ನಷ್ಟು ಸೇರುತ್ತದೆ. ಈ ಹುಳಿನೀರು ಗ್ರಾನೈಟ್ ಮತ್ತು ಅದನ್ನೇ ಹೋಲುವ, ಪಟ್ಟೆಪಟ್ಟೆಯ ‘ನೈಸ್’ ಎಂಬ ಬಂಡೆಗಳ ಬಿರುಕಿನಲ್ಲಿ ಇಳಿಯುತ್ತಾ ಕಲ್ಲನ್ನು ನಿಧಾನವಾಗಿ ತಿನ್ನುತ್ತದೆ, ತಿಂದಂತೆಲ್ಲ ಹುಳಿ ಕಳೆದು ಕ್ಷಾರವಾಗುತ್ತದೆ. ಆ ಬಂಡೆಗಳಲ್ಲಿ ಕಪ್ಪು ಕಾಗೆಬಂಗಾರ ಇರುತ್ತದೆ, ಬಿಸಿಲಿಗೆ ಮಿರಮಿರ ಮಿನುಗುವ ಪದರ. ಅದರ ಹರಳಿನಲ್ಲಿ ಹೈಡ್ರಾಕ್ಸಿಲ್ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ ಋಣ ಅಯಾನು) ಕೂರಬೇಕಾದ ಕೆಲವು ಜಾಗಗಳಲ್ಲಿ ಫ್ಲೋರೈಡ್ ಕೂತಿರುತ್ತದೆ, ಏಕೆಂದರೆ ಗಾತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಕ್ಷಾರವಾದ ನೀರಿನಲ್ಲಿ ಹೈಡ್ರಾಕ್ಸಿಲ್ ಹೇರಳ. ಅದು ಬಂದು ತನ್ನ ಜಾಗ ಹಿಡಿಯುತ್ತದೆ, ಫ್ಲೋರೈಡ್ ಎದ್ದು ನೀರಿಗೆ ಬರುತ್ತದೆ. ನೀರು ಕಲ್ಲಿನೊಳಗೆ ಎಷ್ಟು ಕಾಲ ನಿಂತಿದ್ದರೆ ಅಷ್ಟು ಹೆಚ್ಚು. ಇಪ್ಪತ್ತು ಅಡಿ ಬಾವಿಯ ನೀರು ಹೋದ ಮುಂಗಾರಿನದು. ಸಾವಿರ ಅಡಿಯ ನೀರು ಬಹಳ ಕಾಲ ಬಂಡೆಯ ಜೊತೆ ಸಂಸಾರ ಮಾಡಿ ಬಂದದ್ದು.

ಇನ್ನು ಹಲ್ಲು. ಹಲ್ಲಿನ ಎನಾಮಲ್ ಕೂಡ ಒಂದು ಹರಳೇ, ಕ್ಯಾಲ್ಸಿಯಂ ಫಾಸ್ಫೇಟಿನದು. ಅದರಲ್ಲೂ ಹೈಡ್ರಾಕ್ಸಿಲ್ ಕೂರುವ ಜಾಗಗಳಿವೆ. ಬಂಡೆಯಲ್ಲಿ ಜಾಗ ಕಳೆದುಕೊಂಡ ಫ್ಲೋರೈಡ್ ಮಗುವಿನ ಬಾಯಲ್ಲಿ ಹೈಡ್ರಾಕ್ಸಿಲ್ಲಿನ ಜಾಗ ಹಿಡಿಯುತ್ತದೆ. ಸ್ವಲ್ಪವಾದರೆ ಎನಾಮಲ್ ಗಟ್ಟಿಯಾಗುತ್ತದೆ, ಪೇಸ್ಟಿನಲ್ಲಿ ಫ್ಲೋರೈಡ್ ಹಾಕುವುದು ಅದಕ್ಕೇ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅತಿಯಾದರೆ ಎನಾಮಲ್ ಸರಿಯಾಗಿ ಬಲಿಯದೆ ಸುಣ್ಣ ಬಳಿದಂತೆ ಮಂಕಾಗಿ, ಆಮೇಲೆ ಹಳದಿ ಕಂದು ಕಲೆ ಹಿಡಿಯುತ್ತದೆ. ಉಜ್ಜಿದರೆ ಹೋಗುವ ಕಲೆಯಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ. ಹಾಗಾಗಿ ‘ಸರಿಯಾಗಿ ಹಲ್ಲುಜ್ಜೋದಿಲ್ಲ’ ಎಂದು ಆ ಮಕ್ಕಳನ್ನು ಬಯ್ಯುವುದು ತಪ್ಪು. ಮಿತಿ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ ಕೀಲುಗಳಿಗೂ ತೊಂದರೆ. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.

ಓದುಗರು ಬೇಯದ ಬೇಳೆಯನ್ನೂ ಹಳದಿ ಹಲ್ಲನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಇಲ್ಲಿ ಸ್ವಲ್ಪ ತಡೆಯಬೇಕು. ಬೇಳೆ ಬೇಯದಿರಲು ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಗಡಸು ನೀರು ಅನ್ನುತ್ತೇವಲ್ಲ ಅದು. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಬಿಸಿಗೆ ಕರಗಿದರೆ ಬೇಳೆ ಮೆತ್ತಗಾಗುತ್ತದೆ. ಕ್ಯಾಲ್ಸಿಯಂ ಆ ಪೆಕ್ಟಿನ್ ಎಳೆಗಳ ನಡುವೆ ಸೇರಿಕೊಂಡು ಹೊಲಿಗೆ ಹಾಕಿಬಿಡುತ್ತದೆ. ಆರು ವಿಷಲ್ ಆದರೂ ಬೇಳೆ ಕಾಳುಕಾಳಾಗಿಯೇ ನಿಂತಿರುತ್ತದೆ. ಸೋಪಿನ ನೊರೆಯನ್ನು ಮೊಸರುಮೊಸರು ಮಾಡುವುದೂ ಈ ಕ್ಯಾಲ್ಸಿಯಮ್ಮೇ. ನಮ್ಮ ಮನೆಯ ಗೀಸರ್ ಎರಡನೇ ವರ್ಷಕ್ಕೇ ಕೆಟ್ಟಾಗ ರಿಪೇರಿಯವರು ಕಾಯಿಲನ್ನು ಹೊರಗೆಳೆದು ತೋರಿಸಿದರು: ಬೆರಳು ದಪ್ಪದ ಬಿಳಿ ಕವಚ, ಮೇಜಿಗೆ ಕುಟ್ಟಿದರೆ ಗಾರೆಯಂತೆ ಉದುರಿತು. ‘ಸಾರ್, ಇದ್ರಲ್ಲಿ ಮನೆಗೆ ಸುಣ್ಣ ಹೊಡೀಬಹುದು’ ಅಂದರು. ತಮಾಷೆಯಲ್ಲಿ ಅಂದದ್ದಾದರೂ ರಸಾಯನಶಾಸ್ತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಆದರೆ ಕ್ಯಾಲ್ಸಿಯಂ ತುಂಬಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚು ನಿಲ್ಲಲಾರದು. ಎರಡೂ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ, ಅದು ನೀರಿನಲ್ಲಿ ಬಹಳ ಕಡಿಮೆ ಕರಗುವ ವಸ್ತು, ಆದ್ದರಿಂದ ಹೊರಬೀಳುತ್ತದೆ. ಎಲ್ಲಿ ಕ್ಯಾಲ್ಸಿಯಂ ಮೊದಲೇ ಸುಣ್ಣಕಲ್ಲಾಗಿ ಮಣ್ಣಿನಲ್ಲಿ ಕೂತು, ನೀರಿನಲ್ಲಿ ಸೋಡಿಯಂ ಬೈಕಾರ್ಬನೇಟ್ ಉಳಿದಿರುತ್ತದೋ ಅಲ್ಲಿ ಫ್ಲೋರೈಡಿಗೆ ತಡೆಯಿಲ್ಲ. ಅಂಥ ನೀರಿನಲ್ಲಿ ಸೋಪು ಚೆನ್ನಾಗಿಯೇ ನೊರೆ ಬರುತ್ತದೆ, ಬೇಳೆಯೂ ಬೆಂದೀತು. ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇಳೆ ಬೇಯದ ಬೋರ್ ಅಲ್ಲ. ಬಣ್ಣ ರುಚಿಯಲ್ಲಿ ತಪ್ಪು ಹುಡುಕಲಾಗದ, ಯಾರೂ ಪರೀಕ್ಷೆ ಮಾಡಿಸದ ಬೋರ್. ಒಂದು ಊರಲ್ಲೇ ಎರಡು ಬೋರ್‌ವೆಲ್ ಎರಡು ಥರ ಇರಬಹುದು. ಪರೀಕ್ಷೆ ಮಾಡಿಸದೆ ಹೇಳಲು ಬರುವುದಿಲ್ಲ.

ಎಲ್ಲವನ್ನೂ ಕರಗಿಸುತ್ತದೆ ಎಂದೆ. ಹಾಗೆ ನಿಜವಾಗಿ ಎಲ್ಲವನ್ನೂ ಕರಗಿಸಿದ್ದರೆ ನೀವು ಮೊದಲ ಮಳೆಗೇ ಕರಗಿಹೋಗಬೇಕಿತ್ತು. ನೀರು ಯಾವುದನ್ನು ಕರಗಿಸುವುದಿಲ್ಲ ಎನ್ನುವುದೂ ಜೀವಕ್ಕೆ ಅಷ್ಟೇ ಮುಖ್ಯ. ಶಿಡ್ಲಘಟ್ಟದ ರೀಲರ್‌ಗಳು ದಿನಾ ಬೆಳಗ್ಗೆ ಈ ಎರಡೂ ಗುಣವನ್ನು ಒಂದೇ ಹಂಡೆಯಲ್ಲಿ ನೋಡುತ್ತಾರೆ. ರೇಷ್ಮೆಗೂಡಿನ ಎಳೆಯಲ್ಲಿ ಒಳಗಿರುವುದು ಫೈಬ್ರಾಯಿನ್, ಮೇಲಿನ ಗೋಂದು ಸೆರಿಸಿನ್. ಎರಡೂ ಪ್ರೋಟೀನೇ, ಎರಡೂ ಒಂದೇ ಹುಳದ ಬಾಯಿಂದ ಬಂದದ್ದೇ. ಸೆರಿಸಿನ್ನಿನ ಮೈತುಂಬ ನೀರಿನ ಕೈಗೆ ಸಿಗುವ ಹಿಡಿಗಳಿವೆ. ಬಿಸಿನೀರಿನಲ್ಲಿ ಅದು ಮೆತ್ತಗಾಗಿ ಸಡಿಲವಾಗುತ್ತದೆ. ಫೈಬ್ರಾಯಿನ್ನಿನ ಎಳೆಗಳು ಒಂದರ ಮೇಲೊಂದು ಮಡಿಸಿಟ್ಟ ಸೀರೆಯಂತೆ ಒತ್ತಾಗಿ ಕೂತಿರುವುದರಿಂದ ನೀರಿಗೆ ಒಳನುಗ್ಗಲು ಜಾಗವಿಲ್ಲ. ಗೋಂದು ಬಿಡುತ್ತದೆ, ನೂಲು ಉಳಿಯುತ್ತದೆ. ನೀರು ಎರಡನ್ನೂ ಕರಗಿಸುವಂತಿದ್ದರೆ ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆ ಇರುತ್ತಿರಲಿಲ್ಲ.

ಎಣ್ಣೆಯ ಅಣುವಿನಲ್ಲಿ ಕಂಬಳಿ ಸಮನಾಗಿ ಹಂಚಿಕೆಯಾಗಿದೆ, ನೀರಿಗೆ ಹಿಡಿಯಲು ತುದಿ ಸಿಗುವುದಿಲ್ಲ. ಹಾಗಾಗಿ ನೀರಿನ ಅಣುಗಳು ತಮ್ಮತಮ್ಮಲ್ಲೇ ಕೈಹಿಡಿದುಕೊಂಡು ಎಣ್ಣೆಯನ್ನು ಮೂಲೆಗೆ ತಳ್ಳುತ್ತವೆ. ಒಗ್ಗರಣೆ ಎಂಬ ಕಲೆ ನಿಂತಿರುವುದು ಇದರ ಮೇಲೆ: ಮೆಣಸಿನಕಾಯಿಯ ಖಾರ, ಇಂಗಿನ ಘಮ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತವೆ. ಖಾರ ಹತ್ತಿದಾಗ ಒಂದು ಚೊಂಬು ನೀರು ಕುಡಿದರೂ ಆರದ ಬಾಯಿ ಒಂದು ಲೋಟ ಹಾಲಿಗೆ ತಣಿಯುವುದರ ಗುಟ್ಟಿನಲ್ಲೂ ಹಾಲಿನ ಕೊಬ್ಬಿನ, ಪ್ರೋಟೀನಿನ ಪಾಲಿದೆ. ಜೀವಕೋಶದ ಪೊರೆ ಈ ಜಗಳದಿಂದಲೇ ಹುಟ್ಟಿದೆ. ಪೊರೆಯ ಅಣುವಿಗೆ ನೀರನ್ನು ಮೆಚ್ಚುವ ತಲೆ, ನೀರಿಗೆ ಬೇಡವಾದ ಎರಡು ಬಾಲ. ಅಂಥ ಅಣುಗಳನ್ನು ನೀರಿಗೆ ಬಿಟ್ಟರೆ ಯಾರೂ ಹೇಳಿಕೊಡದೆ ಬಾಲಗಳನ್ನು ಒಳಗೆ ಬಚ್ಚಿಟ್ಟುಕೊಂಡು, ತಲೆಗಳನ್ನು ಹೊರಗೆ ಮಾಡಿ ಎರಡು ಸಾಲಾಗಿ ನಿಲ್ಲುತ್ತವೆ, ದುಂಡಗೆ ಮುಚ್ಚಿಕೊಳ್ಳುತ್ತವೆ. ಆ ಗೋಡೆಯ ದಪ್ಪ ಒಂದು ಮಿಲಿಮೀಟರನ್ನು ಎರಡು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು. ಒಳಗು ಹೊರಗು ಎಂಬ ಭೇದ ಬಂದದ್ದೇ ಅಲ್ಲಿಂದ. ಇನ್ನು ಸ್ಪಿರಿಟ್ಟಿನ ಮಾತು. ಅದು ಕೊಬ್ಬಿನ ಈ ಗೋಡೆಯನ್ನೇ ಕದಡುತ್ತದೆ, ಪ್ರೋಟೀನುಗಳ ಮಡಿಕೆ ಬಿಚ್ಚುತ್ತದೆ. ಕೊರೋನಾ ಕಾಲದಲ್ಲಿ ಎರಡು ವರ್ಷ ಕೈಗೆ ಅದನ್ನೇ ಸವರಿಕೊಂಡೆವಲ್ಲ, ವೈರಾಣುವಿನ ಪೊರೆ ಒಡೆಯಲೆಂದೇ.

ಈ ಹಿಡಿತದ ಇನ್ನೊಂದು ಆಟವನ್ನು ಹೇಳದೆ ಬಿಡಲಾರೆ, ಏಕೆಂದರೆ ಹಳೆಯ ಬಾವಿಗಳನ್ನು ನೋಡಿದವರಿಗೆ ಅದರ ಅರ್ಧ ಗೊತ್ತು. ತೆರೆದ ಬಾವಿಗಳ ಕಾಲದಲ್ಲಿ ಪಂಪನ್ನು ಮೇಲೆ ಇಡದೆ, ಬಾವಿಯ ಗೋಡೆಯಲ್ಲಿ ಗೂಡು ಕೊರೆದು ನೀರಿನ ಹತ್ತಿರಕ್ಕೆ ಇಳಿಸುತ್ತಿದ್ದರು. ನೀರು ಇಳಿದಂತೆ ಪಂಪೂ ಇಳಿಯುತ್ತಿತ್ತು. ಮೇಲಿನಿಂದ ಹೀರುವ ಪಂಪು ನೀರನ್ನು ನಿಜವಾಗಿ ಎಳೆಯುವುದಿಲ್ಲ, ಗಾಳಿಯ ಒತ್ತಡ ಕೆಳಗಿನಿಂದ ತಳ್ಳುತ್ತದೆ. ಆ ತಳ್ಳಾಟಕ್ಕೆ ಸಮುದ್ರಮಟ್ಟದಲ್ಲಿ 34 ಅಡಿ ಮಿತಿ, ನಮ್ಮ ಎತ್ತರದ ಬಯಲಿನಲ್ಲಿ 31 ಅಡಿ ಆಸುಪಾಸು. ಸಬ್‌ಮರ್ಸಿಬಲ್ ಬಂದು ಅಡಿಯಿಂದಲೇ ನೂಕತೊಡಗಿದ ಮೇಲೆ ಆ ತೊಂದರೆ ಹೋಯಿತು. ಹಾಗಾದರೆ ಅರವತ್ತು ಅಡಿಯ ತೆಂಗಿನಮರ ಎಳನೀರಿಗೆ ನೀರನ್ನು ಹೇಗೆ ಏರಿಸುತ್ತದೆ? ಅದಕ್ಕೆ ಮೋಟಾರೂ ಇಲ್ಲ, ಕರೆಂಟೂ ಇಲ್ಲ. 1894ರಲ್ಲಿ ಡಬ್ಲಿನ್‌ನ ಡಿಕ್ಸನ್ ಮತ್ತು ಜೋಲಿ ಕೊಟ್ಟ ವಿವರಣೆ ಇಂದಿಗೂ ನಿಂತಿದೆ. ಗರಿಯ ರಂಧ್ರದಲ್ಲಿ ಒಂದು ಅಣು ಆವಿಯಾಗಿ ಹೋಗುವಾಗ ಹಿಂದಿನದನ್ನು ಎಳೆಯುತ್ತದೆ, ಅದು ಅದರ ಹಿಂದಿನದನ್ನು, ಹೀಗೆ ಬೇರಿನವರೆಗೆ. ಕಾಂಡದ ಕೂದಲಿನಂಥ ನಳಿಗೆಗಳಲ್ಲಿ ನೀರು ಹಗ್ಗದ ಹಾಗೆ ಎಳೆತ ತಡೆಯುತ್ತದೆ. ಜಗತ್ತಿನ ಅತಿ ಎತ್ತರದ ಮರ, ಅಮೆರಿಕದ ಒಂದು ರೆಡ್‌ವುಡ್, 115 ಮೀಟರಿಗೂ ಮೇಲಕ್ಕೆ ಹೀಗೇ ನೀರೇರಿಸುತ್ತದೆ.

ಇಲ್ಲಿಯವರೆಗೆ ನೀರು ಆಟ ನಡೆಯುವ ಅಂಗಳ ಮಾತ್ರ ಎಂಬಂತೆ ಬರೆದೆ. ಅದು ಆಟಗಾರನೂ ಹೌದು. ನಾವು ಉಸಿರಾಡುವ ಆಕ್ಸಿಜನ್ ಗಿಡಗಳು ಒಡೆದ ನೀರಿನದು. ಇಂಗಾಲದ ಡೈಆಕ್ಸೈಡಿನದಲ್ಲ ಎಂದು 1941ರಲ್ಲಿ ರೂಬೆನ್ ಮತ್ತು ಕಾಮೆನ್ ಭಾರದ ಆಕ್ಸಿಜನ್ ಪರಮಾಣುಗಳನ್ನು ಗುರುತಾಗಿ ಬಳಸಿ ತೋರಿಸಿದರು. ಮುದ್ದೆ ನುಂಗಿದ ಮೇಲೆ ಹೊಟ್ಟೆಯೊಳಗೆ ರಾಗಿಯ ಪಿಷ್ಟ ಸಕ್ಕರೆಯಾಗಬೇಕಾದರೆ ಸರಪಳಿಯ ಒಂದೊಂದು ಕೊಂಡಿ ಕಳಚಲು ಒಂದೊಂದು ನೀರಿನ ಅಣು ಖರ್ಚಾಗುತ್ತದೆ. ಕಳಚುವ ಈ ಗುಣ ಮುದ್ದೆಗೆ ಮಾತ್ರ ಸೀಮಿತವಲ್ಲ. ಪ್ರೋಟೀನು, ಆರ್‌ಎನ್‌ಎ ಮುಂತಾದ ಜೀವದ ಸರಪಳಿಗಳನ್ನೂ ನೀರು ನಿಧಾನವಾಗಿ ಕಡಿಯುತ್ತಲೇ ಇರುತ್ತದೆ, ಕೋಶ ರಿಪೇರಿ ಮಾಡುತ್ತಲೇ ಇರುತ್ತದೆ. ಜೀವ ಮೊದಲು ಹುಟ್ಟಿದ್ದು ಹೇಗೆಂದು ತಲೆಕೆಡಿಸಿಕೊಂಡವರಿಗೆ ಇದು ದೊಡ್ಡ ತೊಡಕು: ಕಟ್ಟಲು ನೀರು ಬೇಕು, ಕಟ್ಟಿದ್ದನ್ನು ಕೆಡವುವುದೂ ನೀರೇ. ಒಮ್ಮೆ ತುಂಬಿ ಒಮ್ಮೆ ಬತ್ತುವ ಹೊಂಡಗಳಲ್ಲಿ ಆ ಮೊದಲ ಸರಪಳಿಗಳು ಬೆಳೆದಿರಬಹುದು ಎಂದು ಕೆಲವರ ವಾದ. ಬತ್ತಿದಾಗ ಕೊಂಡಿ ಸೇರುತ್ತದೆ, ತುಂಬಿದಾಗ ಬೆರೆಯುತ್ತದೆ. ಕಡಲಾಳದ ಬಿಸಿಬುಗ್ಗೆಗಳಲ್ಲಿ ಎನ್ನುವವರೂ ಇದ್ದಾರೆ. ವರ್ಷಕ್ಕೊಮ್ಮೆ ತುಂಬಿ ಬತ್ತುವ ಕೆರೆಗಳ ಸೀಮೆಯವನಾದ ನನಗೆ ಮೊದಲನೆಯ ವಾದದ ಮೇಲೆ ಸ್ವಲ್ಪ ಪಕ್ಷಪಾತವಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಬೇರೆ ದ್ರವದಲ್ಲಿ ಜೀವ ಸಾಧ್ಯವೇ ಇಲ್ಲವೇ? ಇಲ್ಲ ಎಂದು ಪ್ರಮಾಣ ಮಾಡಲಾಗದು. ಶನಿಯ ಚಂದ್ರ ಟೈಟಾನ್‌ನಲ್ಲಿ ಮೀಥೇನಿನ ಮಳೆ, ಮೀಥೇನಿನ ಕೆರೆ ಇವೆ. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಅಲ್ಲಿ ಇಳಿದಿತ್ತು. ಆದರೆ ಅಲ್ಲಿಯ ಚಳಿ ಮೈನಸ್ 179 ಡಿಗ್ರಿ, ಮೀಥೇನ್ ಎಣ್ಣೆಯ ಕುಲದ್ದು, ಉಪ್ಪನ್ನು ಮುಟ್ಟುವುದಿಲ್ಲ. ಅಮೋನಿಯಾ ನೀರಿಗೆ ಹತ್ತಿರದ ನೆಂಟ, ಹೈಡ್ರೋಜನ್ ಬಂಧವೂ ಇದೆ, ಆದರೆ ಮೈನಸ್ 33ಕ್ಕೇ ಕುದಿದುಹೋಗುತ್ತದೆ. ಅಂಥ ಚಳಿಯಲ್ಲಿ ರಾಸಾಯನಿಕ ಕ್ರಿಯೆಗಳು ಬಹಳ ನಿಧಾನ. ಅದಕ್ಕೇ ಹುಡುಕುವವರು ಮೊದಲು ನೀರಿನ ಬಾಗಿಲು ಬಡಿಯುವುದು. ಅಲ್ಲೂ ಬರೀ ನೀರು ಸಿಕ್ಕರೆ ಸಾಲದು, ಅದರಲ್ಲಿ ಏನು ಕರಗಿದೆ ಎಂದು ನೋಡುತ್ತಾರೆ. ಶನಿಯ ಇನ್ನೊಂದು ಚಂದ್ರ ಎನ್ಸೆಲಾಡಸ್‌ನ ಹಿಮದ ಬಿರುಕುಗಳಿಂದ ನೀರು ಚಿಮ್ಮುವುದನ್ನು ಕಸೀನಿ ನೌಕೆ 2005ರಲ್ಲಿ ಕಂಡಿತು. ಆ ತುಂತುರಿನ ಕಣಗಳಲ್ಲಿ ಸೋಡಿಯಂ, ಕ್ಲೋರೈಡ್, ಕಾರ್ಬನೇಟ್ ಸಿಕ್ಕಿದವು, 2023ರಲ್ಲಿ ಫಾಸ್ಫೇಟೂ ಇದೆ ಎಂದು ತಿಳಿಯಿತು. ನಿಮ್ಮ ಬೋರ್‌ವೆಲ್ ನೀರಿನ ಪರೀಕ್ಷಾ ವರದಿ ಬಂದಾಗ ಮೇಲಿನಿಂದ ಓದಿ ನೋಡಿ: ಸಾಲುಗಳು ಬಹುಪಾಲು ಅವೇ.

ಆ ವರದಿ ಮಾಡಿಸಿಲ್ಲವಾದರೆ ಮೊದಲು ಮಾಡಿಸಿ, ಫ್ಲೋರೈಡ್ ಬೇಕೆಂದು ಬಿಡಿಸಿ ಹೇಳಿ. ನೀರು ಕುದಿಸಿದರೆ ಗಡಸುತನದಲ್ಲಿ ಒಂದು ಪಾಲು ತಳದಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆ ಸೋಸುವುದು, ಮರಳಿನ ಫಿಲ್ಟರ್, ಇವೂ ಕರಗಿದ್ದನ್ನು ಹಿಡಿಯಲಾರವು. ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಘಟಕದ ಆರ್‌ಓ ಪೊರೆ ಹಿಡಿಯುತ್ತದೆ. ಫ್ಲೋರೈಡ್ ನೀರಿನ ಅಣುಗಳನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು ದಪ್ಪಗಾಗಿರುತ್ತದೆ, ಆ ಪೊರೆಯಲ್ಲಿ ನೀರು ನುಸುಳಿದಷ್ಟು ಸಲೀಸಾಗಿ ಅದು ನುಸುಳಲಾರದು. ಆದರೆ ಪೊರೆ ಹಳತಾದರೆ ಹಿಡಿತ ತಪ್ಪುತ್ತದೆ, ಆದ್ದರಿಂದ ಘಟಕದ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೊಡುವುದು ವಾಸಿ. ಎಳೆಯ ಮಕ್ಕಳಿರುವ ಮನೆಯಲ್ಲಿ ಕುಡಿಯುವುದಕ್ಕೆ ಮಾತ್ರವಲ್ಲ, ಸಾರಿಗೂ ಮುದ್ದೆಗೂ ಆ ನೀರನ್ನೇ ಬಳಸಿ. ಅಡುಗೆಯಲ್ಲಿ ಹೋಗುವ ನೀರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಬೇಳೆಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಜಾಸ್ತಿಯಾದರೆ ಸೋಪಿನ ರುಚಿ. ಹುಣಸೆಹುಳಿ, ಟೊಮೆಟೊ ಹಾಕುವುದು ಬೇಳೆ ಬೆಂದ ಮೇಲೆ. ಹುಳಿಯೂ ಪೆಕ್ಟಿನ್ನನ್ನು ಬಿಗಿಯುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯ ನಮ್ಮಮ್ಮ ಮಾಡುತ್ತಿದ್ದದ್ದು. ಮಳೆ ಹಿಡಿದ ಹತ್ತು ನಿಮಿಷ ಸೂರಿನ ಧೂಳು ತೊಳೆದುಹೋಗಲು ಬಿಟ್ಟು, ಆಮೇಲೆ ಸೂರಂಚಿಗೆ ಬಿಂದಿಗೆ ಹಿಡಿದು, ಬಟ್ಟೆ ಕಟ್ಟಿ ಮುಚ್ಚಿಡುತ್ತಿದ್ದರು. ಆವಿಯಾಗಿ ಮೇಲೇರುವಾಗ ಕ್ಯಾಲ್ಸಿಯಂ, ಫ್ಲೋರೈಡ್ ಎಲ್ಲವನ್ನೂ ಕೆಳಗೇ ಬಿಟ್ಟುಹೋದ ನೀರು ಅದು, ಇನ್ನೂ ಬಂಡೆಯ ಸಹವಾಸಕ್ಕೆ ಬಿದ್ದಿಲ್ಲ. ಆ ನೀರಿನಲ್ಲಿ ತೊಗರಿಬೇಳೆ ಮೂರು ವಿಷಲ್ಲಿಗೆ ಬೆಣ್ಣೆಯಂತೆ ಬೆಂದಿರುತ್ತಿತ್ತು.